ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ: ಹೇಗೆ ಹಚ್ಚಬೇಕು, ಎಲ್ಲಿ ಹಚ್ಚಬಾರದು

ಚಳಿ ಶುರುವಾದರೆ ಸಾಕು, ಒಡೆದ ಹಿಮ್ಮಡಿ ಕಂಬಳಿಗೆ ಸಿಕ್ಕಿ ಚರ್ ಅನ್ನುತ್ತದೆ. ಅಂಗಡಿಯ ಕ್ರೀಮಿಗೆ ದುಡ್ಡು ಸುರಿಯುವ ಮೊದಲು ಒಂದ್ಸಲ ಮುರುಗಲ ತುಪ್ಪ ಹಚ್ಚಿ ನೋಡಿ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಳಿದವರಿಗೆ ಗುರುತು ಹೇಳುವುದಾದರೆ, ಬೇಸಿಗೆಯಲ್ಲಿ ಕೆಂಪು ಶರಬತ್ತು ಮಾಡುತ್ತಾರಲ್ಲ, ಮಂಗಳೂರಿನ ಕಡೆ ಪುನರ್ಪುಳಿ ಅಂತಾರೆ, ಅದೇ ಹಣ್ಣು. ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ. ಬೀಜದಿಂದ ಈ ಗಟ್ಟಿ ಎಣ್ಣೆ ಬರುತ್ತದೆ.

ಹಿಮ್ಮಡಿಯೇ ಯಾಕೆ ಒಡೆಯುತ್ತದೆ? ಅಂಗಾಲಿನ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ. ಮುಖ ಜಿಡ್ಡುಜಿಡ್ಡಾಗಿದ್ದಾಗಲೂ ಕಾಲು ಒಣಗಿರುವುದು ಅದಕ್ಕೇ. ಕೊಬ್ಬರಿ ಎಣ್ಣೆ ಹಚ್ಚಿದರೆ ಒಳ್ಳೆಯದೇ, ಆದರೆ ಅರ್ಧ ಹಾಸಿಗೆಗೆ ಒರೆಸಿ ಹೋಗುತ್ತದೆ. ಮುರುಗಲ ತುಪ್ಪ ಪೂರ್ತಿ ಕರಗಲು 40 ಡಿಗ್ರಿ ಆಸುಪಾಸು ಬಿಸಿ ಬೇಕು. ಕಾಲಿನ ಚರ್ಮ ಅಷ್ಟು ಬಿಸಿ ಇರುವುದಿಲ್ಲ. ಹಾಗಾಗಿ ಬಿಸಿ ಮಾಡಿ ಹಚ್ಚಿದ್ದು ಬಿರುಕಿನೊಳಗೇ ಗಟ್ಟಿಯಾಗಿ ಕೂರುತ್ತದೆ, ಒಳಗಿನ ಪಸೆ ಆರಿಹೋಗದ ಹಾಗೆ ತಡೆಯುತ್ತದೆ. ಅದರ ಕೆಲಸ ಇಷ್ಟೇ. ಇದರಲ್ಲಿ ನೀರು ಇಲ್ಲ, ಇರುವ ನೀರನ್ನು ಹಿಡಿದಿಡುತ್ತದೆ ಅಷ್ಟೆ, ಅದಕ್ಕೇ ಒಣಗಿದ ಕಾಲಿಗೆ ಎಷ್ಟು ಬಳಿದರೂ ಅಷ್ಟಕ್ಕಷ್ಟೇ.

ರಾತ್ರಿ ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಡಿ. ಸತ್ತ ಚರ್ಮವನ್ನು ಮೆತ್ತಗೆ ಉಜ್ಜಿ. ಬ್ಲೇಡು ತಗೊಂಡು ಕೆರೆಯಬೇಡಿ. ಟವೆಲ್ಲಿನಿಂದ ಒತ್ತಿ ಒರೆಸಿ, ಸ್ವಲ್ಪ ತೇವ ಉಳಿದಿರಲಿ. ಕಡಲೆಕಾಳಿನಷ್ಟು ತುಪ್ಪ ಚಮಚಕ್ಕೆ ಹಾಕಿ ದೀಪದ ಮೇಲೆ ಹಿಡಿದರೆ ಕರಗುತ್ತದೆ. ಚುರ್ ಅನ್ನುವಷ್ಟು ಬಿಸಿ ಬೇಡ, ಮೊದಲು ಮುಂಗೈಗೆ ಒಂದು ಹನಿ ತಾಗಿಸಿ ನೋಡಿ. ಆಮೇಲೆ ಬೆರಳಿನಿಂದ ಬಿರುಕಿಗೆ ಒತ್ತಿ ಒತ್ತಿ ಹಚ್ಚಿ. ನೋಡುತ್ತಿದ್ದ ಹಾಗೇ ಬಿರುಕಿನ ಗೆರೆಗಳು ಬೆಳ್ಳಗಾಗುತ್ತವೆ, ಅಂದರೆ ತುಪ್ಪ ಅಲ್ಲಿ ಹೆಪ್ಪುಗಟ್ಟಿತು ಅಂತ. ಹತ್ತಿ ಕಾಲುಚೀಲ ಹಾಕಿಕೊಂಡು ಮಲಗಿ. ಹಾಗೇ ಓಡಾಡಿದರೆ ಟೈಲ್ಸ್ ಮೇಲೆ ಜಾರುವುದು ಗ್ಯಾರಂಟಿ. ಗಟ್ಟಿ ಉಂಡೆಯನ್ನೇ ಒಡಕಿನ ಮೇಲೆ ಉಜ್ಜುವವರಿದ್ದಾರೆ. ನೋವು ಜಾಸ್ತಿ, ತುಪ್ಪ ಒಳಗೆ ಹೋಗುವುದು ಕಮ್ಮಿ.

ದಿನಾ ಕರಗಿಸುವುದು ಬೇಜಾರು ಅಂದರೆ ಮುಲಾಮು ಮಾಡಿಟ್ಟುಕೊಳ್ಳಿ. ಕಾಲಿಗಾದರೆ ತುಪ್ಪ, ಕೊಬ್ಬರಿ ಎಣ್ಣೆ ಎರಡೂ ಸಮಸಮ. ಕೈಗೆ, ಮೊಣಕೈಗೆ ಇನ್ನೂ ಮೆತ್ತಗಿರಬೇಕು, ಒಂದು ಪಾಲು ತುಪ್ಪಕ್ಕೆ ಮೂರು ಪಾಲು ಎಣ್ಣೆ ಹಾಕಿ. ತುಟಿಗೆ ಬೇಕಾದರೆ ಇದೇ ಲೆಕ್ಕಕ್ಕೆ ಒಂದು ಪಾಲು ಜೇನುಮೇಣ ಸೇರಿಸಿ. ಬಿಸಿನೀರಿನ ಪಾತ್ರೆಯ ಮೇಲೆ ಸ್ಟೀಲ್ ಬಟ್ಟಲಿಟ್ಟು ಕರಗಿಸಿ, ಡಬ್ಬಿಗೆ ಹಾಕಿ, ತಕ್ಷಣ ಫ್ರಿಜ್ಜಿನಲ್ಲಿಡಿ. ಹೊರಗೇ ನಿಧಾನಕ್ಕೆ ಆರಲು ಬಿಟ್ಟರೆ ರವೆ ರವೆ ಆಗುತ್ತದೆ. ಕೆಟ್ಟಿದೆ ಅಂತಲ್ಲ, ಹಚ್ಚುವಾಗ ತರಿತರಿ ಅನಿಸುತ್ತದೆ ಅಷ್ಟೆ. ಅಡಿಕೆ ಸುಲಿದು ಒರಟಾದ ಕೈಗೆ, ದಿನಾ ಪಾತ್ರೆ ಸೋಪಿನಲ್ಲಿ ಅದ್ದುವ ಕೈಗೆ ಈ ಮುಲಾಮು ಚೆನ್ನಾಗಿ ಒಗ್ಗುತ್ತದೆ.

ಹಣ್ಣು ಸಿಗುವ ಊರಿನವರು ಏಪ್ರಿಲ್, ಮೇ ತಿಂಗಳಲ್ಲಿ ಶರಬತ್ತಿನ ಸಿಪ್ಪೆ ಬಿಡಿಸುವಾಗ ಬೀಜ ಎಸೆಯಬೇಡಿ. ತೊಳೆದು, ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಬಿಸಿಲಿಗೆ ಒಣಗಿಸಿ. ಹೊರಗಿನ ಸಿಪ್ಪೆ ಒಡೆದು ತೆಗೆದು, ಒಳಗಿನ ತಿರುಳನ್ನು ಪುಡಿ ಮಾಡಿ, ಬೇಕಾದಷ್ಟು ನೀರು ಹಾಕಿ ಚೆನ್ನಾಗಿ ಕುದಿಸಿ. ಎಣ್ಣೆ ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಬಿಲ್ಲೆಯ ಹಾಗೆ ಗಟ್ಟಿಯಾಗಿರುತ್ತದೆ, ಎತ್ತಿದರೆ ಪೂರ್ತಿ ಬರುತ್ತದೆ. ಅದರ ಅಡಿಗೆ ಅಂಟಿದ ಕಂದು ಗಸಿ ಕೆರೆದು ಹಾಕಿ, ಇನ್ನೊಮ್ಮೆ ಸಣ್ಣ ಉರಿಯಲ್ಲಿ ಕಾಯಿಸಿ. ಚಟಪಟ ಸದ್ದು ನಿಂತ ಮೇಲೆ ಬಟ್ಟೆಯಲ್ಲಿ ಸೋಸಿ. ಈ ಎರಡನೇ ಕಾಯಿಸುವಿಕೆ ತಪ್ಪಿಸಬೇಡಿ. ನೀರು ಉಳಿದರೆ ಬೇಗ ಹಾಳಾಗುತ್ತದೆ. ಡಬ್ಬಿಗೆ ಒದ್ದೆ ಬೆರಳು ಹಾಕಬಾರದು ಅನ್ನುವುದೂ ಅದಕ್ಕೇ.

ಕೊಳ್ಳುವವರು ಲೇಬಲ್ಲಿನಲ್ಲಿ ಕೋಕಂ ಬಟರ್ ಅಥವಾ ಗಾರ್ಸೀನಿಯಾ ಇಂಡಿಕಾ ಅಂತ ಇದೆಯಾ ನೋಡಿ. ಅಚ್ಚ ಬಿಳುಪು, ವಾಸನೆಯೇ ಇಲ್ಲ ಅಂದರೆ ಶುದ್ಧೀಕರಿಸಿದ್ದು. ಮನೆಯಲ್ಲಿ ಮಾಡಿದ್ದು ಸ್ವಲ್ಪ ಮಾಸಲಾಗಿರುತ್ತದೆ, ಬೀಜದ ವಾಸನೆಯೂ ಇರುತ್ತದೆ. ಎರಡೂ ನಡೆಯುತ್ತದೆ. ಆದರೆ ಮಾಮೂಲಿ ಹವೆಯಲ್ಲಿ ಬೆಣ್ಣೆಯಷ್ಟು ಮೆತ್ತಗಿದ್ದರೆ ಬೇರೇನೋ ಬೆರೆತಿದೆ ಅಂತಲೇ ಲೆಕ್ಕ. ಅಪ್ಪಟದ್ದು ಚಾಕುವಿಗೆ ಚೂರುಚೂರಾಗಿ ಒಡೆಯುತ್ತದೆ. ಕಮಟು ವಾಸನೆ ಬಂದಿದ್ದನ್ನು ಸುಮ್ನೆ ಬಿಸಾಡಿ.

ಬಿಳಿ ಮಾಡುತ್ತದೆ, ಕಲೆ ತೆಗೆಯುತ್ತದೆ, ಸನ್‌ಸ್ಕ್ರೀನ್ ಬದಲು ಹಚ್ಚಬಹುದು ಅಂತೆಲ್ಲ ಹೇಳುವವರ ಮಾತು ಬಿಡಿ. ಮೊಡವೆ ಏಳುವ, ಜಿಡ್ಡಿನ ಮುಖದವರು ಇದನ್ನು ಮುಖಕ್ಕೆ ತರದಿರುವುದೇ ವಾಸಿ. ಮೊದಲ ಸಲವಾದರೆ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ, ಕೆಂಪಾದರೆ ಅಥವಾ ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ರಕ್ತ ಬರುವ, ಕೀವಾದ ಬಿರುಕಿಗೆ ಮೆತ್ತಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಸ್ಪರ್ಶ ಕಮ್ಮಿಯಾಗಿರಬಹುದು, ಬಿಸಿ ತಾಗಿದ್ದೂ ಗೊತ್ತಾಗದೆ ಹೋಗಬಹುದು. ಅವರ ಕಾಲು ಒಡೆದಿದ್ದರೆ ಬಿಸಿನೀರು, ಬಿಸಿ ತುಪ್ಪ ಎರಡೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ.