ಮರಳುಗ್ರಹದ ನೀರಿಗೊಂದು ಲೆಕ್ಕದ ಪುಸ್ತಕ

ಮಂಡ್ಯದ ಸಮೀಪದ ನಮ್ಮ ಊರಿನಲ್ಲಿ ನನ್ನ ತಂದೆ ನೀರುಗಂಟಿಯಾಗಿದ್ದರು. ಕೆರೆಯ ತೂಬನ್ನು ಎಷ್ಟು ಹೊತ್ತಿಗೆ ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಹಾಯಬೇಕು, ಕೊನೆಯ ಭಾಗದವರ ಸರದಿ ಎಂದು ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಫ್ರಾಂಕ್ ಹರ್ಬರ್ಟ್ ಅವರ, 1965ರಲ್ಲಿ ಪುಸ್ತಕವಾಗಿ ಬಂದ ‘ಡ್ಯೂನ್’ ಎಂಬ ವೈಜ್ಞಾನಿಕ ಕಾದಂಬರಿಯನ್ನು ನಾನು ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಓದಿದ್ದಕ್ಕೆ ಬಹುಶಃ ಅದೇ ಕಾರಣ.

ಮೊದಲ ಸಲ ಸೋತಿದ್ದೆ. ಕೊನೆಯಲ್ಲಿರುವ ಪದಕೋಶವನ್ನು ಪರೀಕ್ಷೆಗೆ ಓದುವವನಂತೆ ಉರುಹೊಡೆಯಲು ಹೋಗಿ, ಬೇಸರವಾಗಿ ಕೈಬಿಟ್ಟಿದ್ದೆ. ಕೆಲವು ವರ್ಷಗಳ ನಂತರ ಗೆರೆ ಹಾಕಿದ ಪುಸ್ತಕವೊಂದನ್ನು ತಂದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದು, ಅರಾಕಿಸ್ ಎಂಬ ಆ ಮರಳುಗ್ರಹದಲ್ಲಿ ನೀರಿನ ಮಾತು ಬಂದಲ್ಲೆಲ್ಲ ಗುರುತು ಹಾಕಿಕೊಳ್ಳುತ್ತ ಹೋದೆ. ಗಾಳಿಯ ತೇವವನ್ನು ಹಿಡಿಯುವ ಯಂತ್ರಗಳು, ಗಿಡದ ಬುಡದಲ್ಲಿ ಸಂಗ್ರಹಿಸುವ ಇಬ್ಬನಿ, ಸತ್ತವರ ದೇಹದಿಂದ ತೆಗೆದ ನೀರು, ಇವೆಲ್ಲ ಜಮಾ ಕಡೆಗೆ ಸೇರಿದವು. ಆದರೆ ಆ ಮರಳುಗಾಡಿನ ಮೂಲನಿವಾಸಿಗಳಾದ ಫ್ರೆಮೆನ್ ಜನರ ನಾಯಕ ಸ್ಟಿಲ್ಗಾರ್, ಗ್ರಹದ ಆಡಳಿತಕ್ಕೆ ಹೊಸದಾಗಿ ಬಂದ ಡ್ಯೂಕನ ಮೇಜಿನ ಮೇಲೆ ಉಗುಳಿದಾಗ ನನ್ನ ಪೆನ್ನು ನಿಂತಿತು. ಡ್ಯೂಕನ ಕಡೆಯವರು ಅದನ್ನು ಅವಮಾನವೆಂದು ತಿಳಿದು ಸಿಟ್ಟಾಗುತ್ತಾರೆ, ಆದರೆ ಅವನು ತನ್ನ ಮೈಯ ನೀರನ್ನೇ ಗೌರವವಾಗಿ ಅರ್ಪಿಸಿರುತ್ತಾನೆ. ಬಹಳ ಹೊತ್ತು ಯೋಚಿಸಿ, ಖರ್ಚಿನ ಕಡೆ ‘ಮುಯ್ಯಿ’ ಎಂದು ಬರೆದೆ.

ನನ್ನನ್ನು ಹೆಚ್ಚು ಕಾಡಿದ್ದು ಅಂಕಿಗಳು. ದ್ವಂದ್ವಯುದ್ಧದಲ್ಲಿ ಸತ್ತ ಜಾಮಿಸ್‌ನ ದೇಹದಿಂದ ಸಿಕ್ಕ ನೀರು 33 ಲೀಟರು ಮತ್ತು ಚಿಲ್ಲರೆ, ಆ ಚಿಲ್ಲರೆಯನ್ನೂ ಅಳೆದು ಹೇಳುತ್ತಾರೆ. ಆಮೇಲೆ ಗುಹೆಯೊಳಗಿನ ಗುಪ್ತ ಕೊಳವೊಂದನ್ನು ತೋರಿಸುತ್ತ ಸ್ಟಿಲ್ಗಾರ್, ಇಲ್ಲಿ 3.8 ಕೋಟಿ ಡೆಕಾಲೀಟರಿಗೂ ಹೆಚ್ಚು ನೀರಿದೆ, ಎಷ್ಟೇ ಬಾಯಾರಿದ್ದರೂ ನಮ್ಮವರಲ್ಲಿ ಒಬ್ಬನೂ ಇದರ ಹನಿಯನ್ನು ಮುಟ್ಟುವುದಿಲ್ಲ ಎನ್ನುತ್ತಾನೆ. ಅಂದರೆ 38 ಕೋಟಿ ಲೀಟರು. ಮಂಡ್ಯದವನಾದ ನಾನು ಅದನ್ನು ಟಿಎಂಸಿಗೆ ಪರಿವರ್ತಿಸದೆ ಬಿಡುವುದುಂಟೇ? ಒಂದು ಟಿಎಂಸಿಯೆಂದರೆ ಸುಮಾರು 2,831 ಕೋಟಿ ಲೀಟರು, ಆದ್ದರಿಂದ ಅದು ಒಂದು ಟಿಎಂಸಿಯ ಎಪ್ಪತ್ತೈದನೆಯ ಒಂದು ಪಾಲು. ತುಂಬಿದ ಕನ್ನಂಬಾಡಿಯಲ್ಲಿ ಸುಮಾರು 49 ಟಿಎಂಸಿ ನಿಲ್ಲುತ್ತದೆ. ನಾಲೆಗೆ ಸಾವಿರ ಕ್ಯೂಸೆಕ್ಸ್‌ನಂತೆ ಬಿಟ್ಟರೆ ಗ್ರಹವನ್ನು ಮುಂದೊಂದು ದಿನ ಹಸಿರಾಗಿಸಲೆಂದು ತಲೆಮಾರುಗಳಿಂದ ಕೂಡಿಟ್ಟ ಆ ಕೊಳ ನಾಲ್ಕು ಗಂಟೆಯೊಳಗೆ ಬರಿದಾಗುತ್ತದೆ. ಅದನ್ನು ಲೆಕ್ಕ ಹಾಕಿದ ರಾತ್ರಿಯೇ ಆ ಜನರ ಶ್ರದ್ಧೆ ನನಗೆ ಅರ್ಥವಾಯಿತು.

ಊರಿನ ಗೆಳೆಯರಿಗೆ ಕಥೆ ಹೇಳಲು ಕನ್ನಡದ ಹೆಸರುಗಳು ಬೇಕಾದವು. ಮೈಯ ಬೆವರನ್ನು ಸೋಸಿ, ಕುತ್ತಿಗೆಯ ಬಳಿಯ ನಳಿಕೆಯಿಂದ ಮತ್ತೆ ಕುಡಿಯಲು ಕೊಡುವ ‘ಸ್ಟಿಲ್‌ಸೂಟ್’ಗೆ ಮೊದಲು ಭಾರಿ ಸಂಸ್ಕೃತದ ಹೆಸರೊಂದನ್ನು ಕಟ್ಟಿದೆ, ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಬಟ್ಟಿ ಇಳಿಸುವ ಅಂಗಿಯಲ್ಲವೇ ಎಂದು ‘ಬಟ್ಟಿಯಂಗಿ’ ಎಂದಾಗ ಅವ್ವ, “ಕಳ್ಳಬಟ್ಟಿ ಕಾಯ್ಸೋರು ಹಾಕ್ಕೊಳೋ ಅಂಗಿಯೇನ್ಲಾ?” ಎಂದು ನಕ್ಕರು. ಕೊನೆಗೆ ‘ಬೆವರಂಗಿ’ ನಿಂತಿತು. ‘ವಾಟರ್‌ಮಾಸ್ಟರ್’ ಎಂಬ ಪದಕ್ಕೆ ಮಾತ್ರ ಒಂದು ಕ್ಷಣವೂ ಹುಡುಕಬೇಕಾಗಲಿಲ್ಲ.

ಹರ್ಬರ್ಟ್ ಅವರಿಗೆ ಈ ಲೋಕದ ಬೀಜ ಸಿಕ್ಕಿದ್ದು 1957ರಲ್ಲಿ, ಅಮೆರಿಕದ ಆರೆಗನ್ ಕರಾವಳಿಯಲ್ಲಿ ಸರಿಯುವ ಮರಳದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವುದನ್ನು ನೋಡಲು ಹೋದಾಗ. ನಮಗೆ ಮರಳೆಂದರೆ ತಲಕಾಡು. ಲಯ ಹಿಡಿದ ಹೆಜ್ಜೆಯ ಸದ್ದಿಗೆ ಎದ್ದು ಬರುವ ದೈತ್ಯ ಮರಳುಹುಳು ಬರದಂತೆ ಫ್ರೆಮೆನ್ ಜನರು ತಾಳತಪ್ಪಿ ನಡೆಯುತ್ತಾರಲ್ಲ, ಅದನ್ನು ನೋಡಿಯೇಬಿಡೋಣವೆಂದು ಅಕ್ಕನ ಮಗನ ಜೊತೆ ದೇವಸ್ಥಾನಗಳ ನಡುವಿನ ಮರಳಿನಲ್ಲಿ ಪ್ರಯತ್ನಿಸಿದೆ. ಮೂವತ್ತು ಹೆಜ್ಜೆ ದಾಟುವುದರೊಳಗೆ ಕಾಲು ತಾನಾಗಿಯೇ ಲಯ ಹಿಡಿಯಿತು. “ಮಾವ, ನಿಮ್ಮನ್ನ ಹುಳ ತಿಂತು,” ಎಂದು ಅವನು ದಡದಲ್ಲಿ ಕುಳಿತು ಕೂಗಿದ.

ನೀರಿನ ಲೆಕ್ಕ ಇಷ್ಟು ಬಿಗಿಯಾಗಿರುವ ಆ ಲೋಕದಲ್ಲಿ ಅನ್ನದ ಲೆಕ್ಕ ಸ್ವಲ್ಪ ಸಡಿಲವೆಂದೇ ನನಗೆ ತೋರುತ್ತದೆ. ನನ್ನ ಅದೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಅಷ್ಟು ಜನರು ಏನನ್ನು ಬೆಳೆದು ಉಣ್ಣುತ್ತಾರೆ ಎಂದು ಬರೆಯತೊಡಗಿದ್ದೇನೆ. ಜಮಾ ಕಡೆ ಇನ್ನೂ ಅರ್ಧ ಪುಟವೂ ತುಂಬಿಲ್ಲ.