ಮಾರಿಸ್ ಮೈನರ್ ಟ್ರಾವೆಲರ್: ಯಾವ ಕಾಲದ್ದು, ಗುರುತಿಸುವುದು ಹೇಗೆ?

ಹಿಂಭಾಗಕ್ಕೆ ಮರದ ಚೌಕಟ್ಟು ಹೊತ್ತ ಈ ಬ್ರಿಟಿಷ್ ಎಸ್ಟೇಟ್ (ಹಿಂದೆ ಸಾಮಾನಿಗೂ ಜಾಗವಿರುವ) ಕಾರು ತಯಾರಾದದ್ದು 1953ರ ಅಕ್ಟೋಬರಿನಿಂದ 1971ರ ಏಪ್ರಿಲ್‌ವರೆಗೆ. ನಮ್ಮ ಅಂಬಾಸಡರ್‌ಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ ಇದೇ ಮನೆತನದ್ದು. ದೂರದಿಂದ ನೋಡಿದರೆ ಮೊದಲ ಟ್ರಾವೆಲರ್‌ಗೂ ಕೊನೆಯದಕ್ಕೂ ವ್ಯತ್ಯಾಸವೇ ಕಾಣದು. ಹತ್ತಿರ ಹೋದರೆ ಇನ್ನೊಂದು ತೊಡಕು: ಬಿಡಿಭಾಗಗಳು ಒಂದರದ್ದು ಇನ್ನೊಂದಕ್ಕೆ ಕೂರುತ್ತವೆ, ಮಾಲೀಕರು ಬದಲಿಸುತ್ತಲೇ ಬಂದಿದ್ದಾರೆ. ಆದ್ದರಿಂದ ಬದಲಿಸಲು ಕಷ್ಟವಾದದ್ದನ್ನು ಮೊದಲು ನೋಡಿ, ಸುಲಭವಾದದ್ದನ್ನು ಕೊನೆಗೆ.

1. ಮುಂದಿನ ಗಾಜು. ನಡುವೆ ಕಂಬಿಯಿದ್ದು ಗಾಜು ಎರಡು ಹೋಳಾಗಿದ್ದರೆ ಅದು ಸೀರೀಸ್ 2, ಅಂದರೆ 1956ರ ಅಕ್ಟೋಬರಿಗಿಂತ ಹಿಂದಿನದು. ಬಾಗಿದ ಒಂದೇ ಗಾಜಿದ್ದರೆ ಅದರ ನಂತರದ ಮಾದರಿ, ಮೈನರ್ 1000.

2. ಗ್ರಿಲ್. ಇದು ಎರಡು ಹೋಳಿನ ಗಾಜಿನವಕ್ಕೆ ಮಾತ್ರ. ಚೀಸ್ ತುರಿಯುವ ಮಣೆಯನ್ನು ನೆನಪಿಸುವ ಗ್ರಿಲ್ ಇದ್ದರೆ ಮೊದಲ ವರ್ಷದ್ದು. ಅಡ್ಡಪಟ್ಟಿಗಳ ಗ್ರಿಲ್ 1954ರ ಅಕ್ಟೋಬರಿನ ನಂತರ ಬಂತು. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಡುವಿಗೆ ಸರಿದದ್ದೂ ಆಗಲೇ. ಇವೆರಡು ಹೊಂದದಿದ್ದರೆ ಗ್ರಿಲ್ಲನ್ನೇ ಅನುಮಾನಿಸಿ. ಹೆಡ್‌ಲೈಟುಗಳು ಗ್ರಿಲ್ಲಿನೊಳಗೆ ಕೆಳಗಿರುವ ಟ್ರಾವೆಲರ್ ಕಂಡರೆ ಅದು ಯಾರೋ ಕಟ್ಟಿಕೊಂಡದ್ದು. ಕಾರ್ಖಾನೆಯಿಂದ ಅಂಥದ್ದು ಬಂದೇ ಇಲ್ಲ.

3. ಚಾಸಿ ಸಂಖ್ಯೆ. ಬಾನೆಟ್ ಎತ್ತಿ, ಎಂಜಿನ್ ಹಿಂದಿನ ಗೋಡೆಗೆ ಹೊಡೆದ ತಗಡಿನ ಪಟ್ಟಿ ಓದಿ. ಹಳೆಯವಲ್ಲಿ ಎಫ್ ಎಂದರೆ ಮೈನರ್, ಅದರ ಮುಂದಿನ ಎಲ್ ಎಂದರೆ ಟ್ರಾವೆಲರ್. ನಂತರದ ಕ್ರಮದಲ್ಲಿ ಎಂಎಡಬ್ಲ್ಯೂ ಎಂದಿರುತ್ತದೆ: ಮಾರಿಸ್, ಎ-ಸೀರೀಸ್ ಎಂಜಿನ್, ಎಸ್ಟೇಟ್ ಮೈಕಟ್ಟು. ಮುಂದೆ 3 ಇದ್ದರೆ ಮೈನರ್ 1000ದ ಮೊದಲ ಎಂಜಿನ್ ಆದ 948 ಸಿಸಿ ಕಾಲದ್ದು, 5 ಇದ್ದರೆ ನಂತರದ 1098 ಸಿಸಿ ಕಾಲದ್ದು. ಕೊನೆಯ ಡಿ ಡೀಲಕ್ಸ್‌ನ ಗುರುತು. ಡಬ್ಲ್ಯೂ ಬದಲು ಎಸ್ ಕಂಡರೆ ಪಟ್ಟಿ ಯಾವುದೋ ಸಲೂನ್ (ಮಾಮೂಲಿ ಡಿಕ್ಕಿಯ) ಕಾರಿನದು. ರಿವೆಟ್‌ಗಳು ಹೊಸತಾಗಿ ಹೊಳೆಯುತ್ತಿದ್ದರೆ ಮಾಲೀಕರನ್ನು ಕಾರಣ ಕೇಳಿ.

4. ಇಂಡಿಕೇಟರ್. 1961ರವರೆಗೆ ಬಾಗಿಲ ಹಿಂದಿನ ಕಂಬದಿಂದ ಕೈಯಂತೆ ಹೊರಚಾಚುವ ಟ್ರಾಫಿಕೇಟರ್ ಇತ್ತು, ನಂತರ ಮಿನುಗುವ ದೀಪ. ಮಿನುಗುವ ದೀಪ ಆಮೇಲೆ ಹಾಕಿಸಿದ್ದಾದರೆ ಕಂಬದಲ್ಲಿ ಹಳೆಯ ಸೀಳು ಮುಚ್ಚಿದ ಗುರುತು ಸಿಗುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಮುಂದೆ ಕಿತ್ತಳೆ ಬಣ್ಣ ಸೇರಿದ ದೊಡ್ಡ ದೀಪಗಳು ಬಂದದ್ದು 1963ರ ಕೊನೆಗೆ.

5. ಒಳಗೆ. ಎರಡು ಕಡ್ಡಿಯ ಸ್ಟೀರಿಂಗ್, ಕೀಲಿ ತಿರುವಿದರೇ ಸ್ಟಾರ್ಟ್ ಆಗುವ ಸ್ವಿಚ್: ಇವು 1964ರ ಅಕ್ಟೋಬರಿನ ಈಚಿನವು. ಅದಕ್ಕೂ ಹಿಂದಿನವಲ್ಲಿ ಸ್ಟಾರ್ಟರ್‌ಗೆ ಬೇರೆ ಗುಬ್ಬಿ ಎಳೆಯಬೇಕು. ನೆಲದಿಂದ ಎದ್ದ ಉದ್ದನೆಯ, ತೆಳ್ಳಗಿನ ಗೇರ್ ಕೋಲು 803 ಸಿಸಿ ಎಂಜಿನ್ ಕಾಲದ್ದು, ಅಂದರೆ ಸೀರೀಸ್ 2ರದ್ದು. ಮೈನರ್ 1000ಕ್ಕೆ ಗಿಡ್ಡನೆಯದು.

6. ಎಂಜಿನ್. ತುಂಬ ಜನ ಇಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ. 803 ಸಿಸಿಯ ಶಕ್ತಿ ಸಾಲದೆ 948, 1098 ಅಥವಾ 1275 ಸಿಸಿ ಎಂಜಿನ್ ಕೂರಿಸಿದ ಕಾರುಗಳು ಬೇಕಾದಷ್ಟಿವೆ. ಬ್ಲಾಕಿನ ಬಲಬದಿ, ಡೈನಮೋ ಮೇಲಿನ ಸಂಖ್ಯೆ ಎಪಿಎಚ್‌ಎಂ ಎಂದು ಶುರುವಾದರೆ 803, 9ಎಂ ಎಂದರೆ 948, 10ಎಂಎ ಎಂದರೆ 1098. 1098 ಸಿಸಿ ಕಾರಿನ ಮುಂದಿನ ಬ್ರೇಕ್ ಡ್ರಮ್ 8 ಅಂಗುಲ, ಹಿಂದಿನ ಮಾದರಿಗಳದ್ದು 7 ಅಂಗುಲ. ಎಂಜಿನ್ 1098, ಡ್ರಮ್ 7 ಅಂಗುಲ ಎಂದಾದರೆ ಎಂಜಿನ್ ಬೇರೆ ಕಡೆಯಿಂದ ಬಂದದ್ದು. ಒಂದು ಚಕ್ರ ಬಿಚ್ಚುವ ಶ್ರಮಕ್ಕೆ ಬೆಲೆಯಿದೆ.

ಮರದ ವಯಸ್ಸು ನೋಡಿ ಕಾರಿನ ವರ್ಷ ಹೇಳಬೇಡಿ. ಆಶ್ ಮರದ ಚೌಕಟ್ಟು ಚಕ್ರದ ಕಮಾನಿನ ಸುತ್ತ, ಕೆಳ ಅಂಚಿನಲ್ಲಿ ನೀರು ನಿಂತು ಕೊಳೆಯುತ್ತದೆ. ಇಡೀ ಚೌಕಟ್ಟನ್ನೇ ಹೊಸದಾಗಿ ಹಾಕಿಸುವುದು ಮಾಮೂಲಿ. ಇದು ಅಲಂಕಾರವಲ್ಲ, ಹಿಂಭಾಗದ ಭಾರ ಹೊರುವ ಎಲುಬು. ಹಾಗಾಗಿಯೇ ಬ್ರಿಟನ್ನಿನ ಎಂಒಟಿ ಎಂಬ ವಾಹನ ಸುರಕ್ಷತೆಯ ತಪಾಸಣೆಯಲ್ಲಿ ಮರ ಕೊಳೆತಿದ್ದರೆ ಕಾರು ಫೇಲು. ಹೆಸರು ಹೋಲುವ ಬೇರೆ ಕಾರಾದ ಮಿನಿ ಟ್ರಾವೆಲರ್‌ನ ಮರ ಮಾತ್ರ ಲೋಹದ ಮೈಮೇಲೆ ಅಂಟಿಸಿದ್ದು, ಬರೀ ಶೋಕಿ.