ಸೀಹಾಕ್ಸ್ ಡ್ರಾಫ್ಟ್‌ಗೆ ನಾನು ಅಂಕ ಹಾಕಿದ ಬಗೆ

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್; ಅದರ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಅದು ಮುಗಿದ ಮರುದಿನವೇ ಪ್ರತಿ ತಂಡಕ್ಕೂ ಎ, ಬಿ, ಸಿ ಅಂತ ಗ್ರೇಡ್ ಹಂಚುವ ಪದ್ಧತಿ ಅಮೆರಿಕದಲ್ಲಿದೆ. ಆರಿಸಿದ ಹುಡುಗರಲ್ಲಿ ಒಬ್ಬನೂ ಇನ್ನೂ ಮೈದಾನಕ್ಕೆ ಇಳಿದಿರುವುದಿಲ್ಲ. 2012ರಲ್ಲಿ ಸಿಯಾಟಲ್ ಸೀಹಾಕ್ಸ್ ಬ್ರೂಸ್ ಅರ್ವಿನ್, ಬಾಬಿ ವ್ಯಾಗ್ನರ್, ರಸೆಲ್ ವಿಲ್ಸನ್ ಇವರನ್ನು ಆರಿಸಿದಾಗ ಎಫ್ ಕೊಟ್ಟವರೂ ಇದ್ದರು. ಆ ಹುಡುಗರ ಎರಡನೇ ಸೀಸನ್ನಿಗೇ, 2014ರ ಫೆಬ್ರವರಿಯಲ್ಲಿ, ಅದೇ ತಂಡ ಡೆನ್ವರ್ ಬ್ರಾಂಕೋಸ್ ಅನ್ನು 43–8ರಿಂದ ಬಡಿದು ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು.

ನಾನಿರುವುದು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ. ಹೊಟ್ಟೆಪಾಡು ಡೇಟಾ ಕೆಲಸ. ಕ್ರಿಕೆಟ್ ಸ್ಕೋರ್‌ಕಾರ್ಡ್ ಓದಿ ಬೆಳೆದವನಿಗೆ ಇಲ್ಲಿನ ಫುಟ್‌ಬಾಲ್ ಹಿಡಿಸುವುದಕ್ಕೆ ಸ್ವಲ್ಪ ಕಾಲ ಬೇಕಾಯಿತು. ಡ್ರಾಫ್ಟ್ ಮಾತ್ರ ಮೊದಲ ನೋಟಕ್ಕೇ ಹಿಡಿಸಿತು. ಐಪಿಎಲ್ ಹರಾಜಿನಂತೆ ಇಲ್ಲಿ ದುಡ್ಡು ಕೂಗುವಂತಿಲ್ಲ. ಹಿಂದಿನ ಸೀಸನ್ನಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. 32 ತಂಡ, ಏಳು ಸುತ್ತು, ಒಟ್ಟು ಇನ್ನೂರೈವತ್ತಕ್ಕೂ ಹೆಚ್ಚು ಪಿಕ್, ಅಂದರೆ ಆಯ್ಕೆ. ಸರದಿಯನ್ನು ಇನ್ನೊಂದು ತಂಡದ ಸರದಿಗೋ ಆಟಗಾರನಿಗೋ ಅದಲುಬದಲು ಮಾಡಿಕೊಳ್ಳಬಹುದು, ಮುಂದಿನ ವರ್ಷದ ಸರದಿಯನ್ನೂ ಈಗಲೇ ಕೊಟ್ಟುಬಿಡಬಹುದು. ಅಂದರೆ ಸರದಿಯೇ ಇಲ್ಲಿ ನಾಣ್ಯ. ಹಾಗಾಗಿ ಯಾರನ್ನು ಆರಿಸಿದರು ಅನ್ನುವುದಕ್ಕೂ ಮೊದಲು ನನ್ನ ಸ್ಪ್ರೆಡ್‌ಶೀಟಿನಲ್ಲಿ ಬರೆದುಕೊಂಡದ್ದು ಆ ತಂಡದ ಕೈಯಲ್ಲಿ ಎಷ್ಟು ಬಂಡವಾಳ ಇತ್ತು ಎಂಬುದನ್ನು. ಮೊದಲ ಪಿಕ್ ಕೈಯಲ್ಲಿದ್ದವನು ಒಳ್ಳೆಯ ಆಟಗಾರನನ್ನು ತಂದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ.

ಬಂಡವಾಳ ಅಳೆಯಲು ಈ ಲೀಗ್‌ನಲ್ಲಿ ಹಳೆಯದೊಂದು ಪಟ್ಟಿ ಇದೆ. ತೊಂಬತ್ತರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಪ್ರಚಾರಕ್ಕೆ ಬಂದದ್ದು. ಮೊದಲ ಪಿಕ್‌ಗೆ 3000 ಅಂಕ, 16ನೆಯದಕ್ಕೆ 1000, 32ನೆಯದಕ್ಕೆ 590, 100ನೆಯದಕ್ಕೆ ಬರೀ 100. ಸರದಿ ಅದಲುಬದಲು ಮಾಡುವವರು ಇದನ್ನೇ ಮುಂದಿಟ್ಟುಕೊಂಡು ಚೌಕಾಸಿ ಮಾಡುತ್ತಿದ್ದರು. ಆದರೆ ಇದು ಮಾರುಕಟ್ಟೆಯ ದರಪಟ್ಟಿಯೇ ಹೊರತು ಆಟಗಾರರಿಂದ ಬರುವ ಫಲದ ಲೆಕ್ಕ ಅಲ್ಲ. ಅದಕ್ಕೆ, ಯಾವ ಸ್ಥಾನದ ಪಿಕ್‌ನಿಂದ ಎಷ್ಟು ಫಲ ನಿರೀಕ್ಷಿಸಬಹುದು ಎಂದು ತೋರಿಸುವ ಇನ್ನೊಂದು ಗೆರೆ ಬೇಕಿತ್ತು.

ಫಲ ಅಳೆಯಲು ಪ್ರೋ ಫುಟ್‌ಬಾಲ್ ರೆಫರೆನ್ಸ್ ತಾಣದ ‘ಅಪ್ರಾಕ್ಸಿಮೇಟ್ ವ್ಯಾಲ್ಯೂ’ ತೆಗೆದುಕೊಂಡೆ. ಡಗ್ ಡ್ರಿನನ್ ರೂಪಿಸಿದ ಈ ಅಂಕದ ಅನುಕೂಲ ಏನೆಂದರೆ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನಿಂದ ಹಿಡಿದು, ಎದುರಾಳಿಯನ್ನು ತಡೆಯುವ, ಯಾವ ಅಂಕಿಅಂಶವೂ ಸಿಗದ ಲೈನ್‌ಮನ್‌ವರೆಗೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಹುದು. 1994ರಿಂದ ಡ್ರಾಫ್ಟ್ ಏಳು ಸುತ್ತಿಗೆ ಇಳಿದಿದೆ, ಅಲ್ಲಿಂದೀಚೆಗಿನ ಪ್ರತಿ ಪಿಕ್ ಮೊದಲ ನಾಲ್ಕು ಸೀಸನ್‌ಗಳಲ್ಲಿ ಗಳಿಸಿದ ಅಂಕ ಕೂಡಿಸಿ ಸರಾಸರಿ ತೆಗೆದೆ. ನಾಲ್ಕೇ ಯಾಕೆಂದರೆ ಈಗ ಹೊಸಬರ ಒಪ್ಪಂದ ನಾಲ್ಕು ವರ್ಷದ್ದು. ಐದನೇ ವರ್ಷದಿಂದ ಸಾಮಾನ್ಯವಾಗಿ ಆಟಗಾರನಿಗೆ ಮಾರುಕಟ್ಟೆ ದರ ಕೊಡಬೇಕು, ಆಗ ಅದು ಡ್ರಾಫ್ಟ್‌ನ ಲಾಭ ಆಗುವುದಿಲ್ಲ.

ಸರಾಸರಿಯನ್ನು ಹಾಗೆಯೇ ಬಿಟ್ಟರೆ ತಮಾಷೆಗಳಾಗುತ್ತವೆ. 199ನೇ ಸ್ಥಾನ ಅಕ್ಕಪಕ್ಕದವರಿಗಿಂತ ದಿಢೀರನೆ ಎದ್ದು ನಿಲ್ಲುತ್ತದೆ, ಯಾಕೆಂದರೆ 2000ದಲ್ಲಿ ಅಲ್ಲಿ ಟಾಮ್ ಬ್ರೇಡಿ ಸಿಕ್ಕಿದ್ದ. 198ಕ್ಕೂ 199ಕ್ಕೂ ವ್ಯತ್ಯಾಸ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಪ್ರತಿ ಸ್ಥಾನಕ್ಕೂ ಆಚೀಚಿನ ಕೆಲವು ಸ್ಥಾನಗಳನ್ನು ಸೇರಿಸಿ ಗೆರೆಯನ್ನು ನಯ ಮಾಡಿದೆ. ಆಮೇಲೆ ಉಳಿದದ್ದು ಸರಳ: ಆಟಗಾರ ಗಳಿಸಿದ ಅಂಕದಿಂದ ಆ ಸ್ಥಾನದ ನಿರೀಕ್ಷೆಯನ್ನು ಕಳೆಯುವುದು.

ಹೀಗೆ ಮೂಡಿದ ಗೆರೆ ಜಾನ್ಸನ್ ಪಟ್ಟಿಯಷ್ಟು ಕಡಿದಾಗಿ ಇಳಿಯುವುದಿಲ್ಲ. ಪಟ್ಟಿಯ ಪ್ರಕಾರ ಮೊದಲ ಪಿಕ್ ಮೂರು 16ನೇ ಪಿಕ್‌ಗಳಿಗೆ ಸಮ. ಮೈದಾನದಲ್ಲಿ ಆ ಮೂವರು ಸೇರಿ ಆ ಒಬ್ಬನನ್ನು ಸುಲಭವಾಗಿ ಮೀರಿಸುತ್ತಾರೆ. ಇದು ನನ್ನ ಶೋಧವೇನಲ್ಲ. ಕೇಡ್ ಮ್ಯಾಸಿ ಮತ್ತು ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನೇ ಮೊದಲು ತೋರಿಸಿದವರು. ಅವರ ಲೆಕ್ಕದಲ್ಲಿ ಇನ್ನೂ ಒಂದು ಮಾತಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದು: ಒಂದೇ ಜಾಗಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಮೇಲಾಗುವ ಸಾಧ್ಯತೆ ಶೇ 52ರ ಆಸುಪಾಸು. ನಾಣ್ಯ ಚಿಮ್ಮಿದರೆ 50.

ಸಂಬಳದ ಲೆಕ್ಕಕ್ಕೆ ಬೇರೆಯೇ ಕಾಲಂ ಬೇಕು. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ ಸಿಕ್ಕಿತ್ತು. 2011ರಲ್ಲಿ ಹೊಸಬರ ಸಂಬಳಕ್ಕೆ ಕಡಿವಾಣ ಬಿತ್ತು, ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಈ ಗಡಿಯ ಆಚೆಗಿನ ಮೊದಲ ಸುತ್ತನ್ನೂ ಈಚೆಗಿನದ್ದನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವವರನ್ನು ನೋಡಿದರೆ ನನಗೆ ರೇಗುತ್ತದೆ.

ಸರಿ, ಸೀಹಾಕ್ಸ್‌ಗೆ ಬರೋಣ. ಈ ತಂಡ ಪರೀಕ್ಷೆಗೆ ಬಲು ಅನುಕೂಲ. 2010ರಿಂದ 2023ರವರೆಗೆ ಜನರಲ್ ಮ್ಯಾನೇಜರ್ ಜಾನ್ ಶ್ನೈಡರ್, ಮುಖ್ಯ ಕೋಚ್ ಪೀಟ್ ಕ್ಯಾರಲ್, ಇಬ್ಬರೂ ಬದಲಾಗಿಲ್ಲ. ಅವರ ಮೊದಲ ಮೂರು ಡ್ರಾಫ್ಟ್ ನನ್ನ ಗೆರೆಯನ್ನು ಎಷ್ಟು ಮೀರಿವೆಯೆಂದರೆ ಗ್ರಾಫಿನ ಎತ್ತರ ಹೆಚ್ಚಿಸಬೇಕಾಯಿತು. ಅರ್ಲ್ ಥಾಮಸ್ 14ನೇ ಪಿಕ್, ಪರವಾಗಿಲ್ಲ ಅನ್ನೋಣ. ಕ್ಯಾಮ್ ಚಾನ್ಸಲರ್ ಐದನೇ ಸುತ್ತಿನ 133ನೆಯವನು. ಮರುವರ್ಷ ಕೆ.ಜೆ. ರೈಟ್ 99, ರಿಚರ್ಡ್ ಶರ್ಮನ್ 154, ಏಳನೇ ಸುತ್ತಿನಲ್ಲಿ 242ನೆಯವನಾಗಿ ಮಾಲ್ಕಮ್ ಸ್ಮಿತ್. ಆ 43–8ರ ಪಂದ್ಯದ ಶ್ರೇಷ್ಠ ಆಟಗಾರ ಈ ಸ್ಮಿತ್. ಎತ್ತರ ಕಡಿಮೆ ಎಂಬ ಕಾರಣಕ್ಕೆ 75ನೇ ಪಿಕ್‌ವರೆಗೆ ಉಳಿದಿದ್ದ ಕ್ವಾರ್ಟರ್‌ಬ್ಯಾಕ್ ವಿಲ್ಸನ್ ನಾಲ್ಕು ವರ್ಷಕ್ಕೆ ಒಪ್ಪಿಕೊಂಡದ್ದು ಸುಮಾರು 30 ಲಕ್ಷ ಡಾಲರ್. 2013ರಲ್ಲಿ ಬಾಲ್ಟಿಮೋರ್‌ನ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೋ ಸಹಿ ಹಾಕಿದ್ದು ಆರು ವರ್ಷಕ್ಕೆ 12 ಕೋಟಿಗೂ ಹೆಚ್ಚಿನ ಒಪ್ಪಂದಕ್ಕೆ. ಆ ವರ್ಷ ಒಂದು ತಂಡದ ಇಡೀ ಸಂಬಳದ ಮಿತಿಯೇ 12.3 ಕೋಟಿ. ವಿಲ್ಸನ್‌ನಿಂದ ಉಳಿದ ದುಡ್ಡಿನಲ್ಲಿ ಸಿಯಾಟಲ್ ಬೇರೆ ಎಷ್ಟು ಜನರನ್ನು ತರಬಹುದಿತ್ತು ಎಂಬುದು ಯಾವ ಗ್ರೇಡಿನಲ್ಲೂ ಕಾಣುವುದಿಲ್ಲ.

ನಾಲ್ಕನೇ ವರ್ಷ ಏನಾಯಿತು? 2013ರಲ್ಲಿ 11 ಜನರನ್ನು ಆರಿಸಿದರು. ಒಬ್ಬನೂ ತಂಡದ ಬೆನ್ನೆಲುಬಾಗಲಿಲ್ಲ. ಕಣ್ಣು ಅದೇ, ಪದ್ಧತಿ ಅದೇ, ಆಟಗಾರರನ್ನು ಹುಡುಕಿ ತೂಗುವ ಸ್ಕೌಟುಗಳೂ ಹೆಚ್ಚುಕಡಿಮೆ ಅವರೇ.

ಇಲ್ಲಿ ಅಳತೆಗೋಲನ್ನೇ ಒಮ್ಮೆ ಅಲ್ಲಾಡಿಸಿ ನೋಡಬೇಕಾಯಿತು. ಅಪ್ರಾಕ್ಸಿಮೇಟ್ ವ್ಯಾಲ್ಯೂ ತಂಡದ ಒಟ್ಟು ಸಾಧನೆಯನ್ನು ಆಟಗಾರರಿಗೆ ಹಂಚುತ್ತದೆ. ಗೆಲ್ಲುವ ತಂಡದ ಹನ್ನೊಂದನೆಯವನಿಗೂ ಅದರಲ್ಲಿ ಪಾಲು ಸಿಗುತ್ತದೆ, ಸೋಲುವ ತಂಡದ ಒಳ್ಳೆಯವನಿಗೆ ಮೋಸವಾಗುತ್ತದೆ. ಇನ್ನೊಂದು ಕಡೆಯಿಂದ, ಬಲಿಷ್ಠ ತಂಡಕ್ಕೆ ಬಂದ ಹೊಸಬನಿಗೆ ಆಡಲು ಜಾಗವೇ ಇರುವುದಿಲ್ಲ. 2013ರ ಆರನೇ ಸುತ್ತಿನ ಸ್ಪೆನ್ಸರ್ ವೇರ್ ಸಿಯಾಟಲ್‌ನಲ್ಲಿ ಬೆಂಚಿನಲ್ಲೇ ಉಳಿದು, ಮುಂದೆ ಕಾನ್ಸಾಸ್ ಸಿಟಿಯಲ್ಲಿ ಚೆನ್ನಾಗಿ ಓಡಿದ. ಅವನನ್ನು ಗುರುತಿಸಿದ ಸ್ಕೌಟು ಸರಿಯಾಗಿಯೇ ಗುರುತಿಸಿದ್ದ. ಆದ್ದರಿಂದ ಎರಡು ಕಾಲಂ ಇಟ್ಟೆ: ಆರಿಸಿದ ತಂಡಕ್ಕೆ ಸಿಕ್ಕ ಫಲ ಒಂದು, ಆಟಗಾರ ಎಲ್ಲಿಯಾದರೂ ಗಳಿಸಿದ್ದು ಇನ್ನೊಂದು. ಮೊದಲನೆಯದು ತಂಡದ ಲೆಕ್ಕ, ಎರಡನೆಯದು ಸ್ಕೌಟಿನ ಲೆಕ್ಕ.

ಆಟಗಾರನ ಎರಡನೇ ಒಪ್ಪಂದದ ಮೊತ್ತವನ್ನೇ ಅಳತೆಯಾಗಿ ಇಡಬಹುದಲ್ಲ ಎಂದು ಗೆಳೆಯನೊಬ್ಬ ಹೇಳಿದ. ಬೇರೆ ತಂಡ ಎಷ್ಟು ಕೊಟ್ಟು ಕರೆದೊಯ್ಯುತ್ತದೋ ಅದೇ ಬೆಲೆ ಎಂಬ ವಾದ. ಬೈರನ್ ಮ್ಯಾಕ್ಸ್‌ವೆಲ್ ಹೆಸರು ಹೇಳಿ ಅವನ ಬಾಯಿ ಮುಚ್ಚಿಸಿದೆ. ಸೀಹಾಕ್ಸ್ 2011ರ ಆರನೇ ಸುತ್ತಿನಲ್ಲಿ ಆರಿಸಿದ್ದ ಈ ಕಾರ್ನರ್‌ಬ್ಯಾಕ್‌ಗೆ (ರಕ್ಷಣೆಯ ಆಟಗಾರ) 2015ರಲ್ಲಿ ಫಿಲಡೆಲ್ಫಿಯಾ ಆರು ವರ್ಷಕ್ಕೆ 6.3 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ಒಂದೇ ಸೀಸನ್ನಿಗೆ ಸಾಕೆನಿಸಿ ಮಯಾಮಿಗೆ ದಾಟಿಸಿತು. ಶರ್ಮನ್, ಥಾಮಸ್ ಪಕ್ಕದಲ್ಲಿ ನಿಂತವನ ಬೆಲೆಯಲ್ಲಿ ಅವರ ಪಾಲೂ ಇತ್ತು. ಅಂದಹಾಗೆ ಹೀಗೆ ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಮುಂದಿನ ವರ್ಷ ಮೂರರಿಂದ ಏಳನೇ ಸುತ್ತಿನೊಳಗೆ ಪರಿಹಾರದ ಪಿಕ್ ಸಿಗುವ ನಿಯಮ ಇದೆ. ಬಂಡವಾಳದ ಕಾಲಂಗೆ ಅದನ್ನೂ ಸೇರಿಸಬೇಕು.

ನನ್ನ ಕೈ ಹೆಚ್ಚು ಹೊತ್ತು ನಿಂತದ್ದು 2017ರ ಹಾಳೆಯ ಮೇಲೆ. ಆ ವರ್ಷ ಸಿಯಾಟಲ್ ಕೈಯಲ್ಲಿ 26ನೇ ಪಿಕ್ ಇತ್ತು. ಅದನ್ನು ಅಟ್ಲಾಂಟಾಗೆ ಕೊಟ್ಟು 31, 95 ಮತ್ತು 249 ಪಡೆದರು. ಜಾನ್ಸನ್ ಪಟ್ಟಿಯಲ್ಲಿ 26ಕ್ಕೆ 700 ಅಂಕ. 31ಕ್ಕೆ 600, 95ಕ್ಕೆ 120, ಅಲ್ಲಿಗೇ ಲಾಭ. ನನ್ನ ಗೆರೆಯಲ್ಲಂತೂ ಲಾಭ ಇನ್ನೂ ದೊಡ್ಡದು. ಆಮೇಲೆ 31ನ್ನೂ ಮಾರಿ 34ಕ್ಕೆ, 34ನ್ನು ಮಾರಿ 35ಕ್ಕೆ ಇಳಿದರು, ಪ್ರತಿ ಸಲವೂ ಕೈಗೊಂದು ಹೆಚ್ಚುವರಿ ಪಿಕ್. ವ್ಯಾಪಾರ ಅಂದರೆ ಹೀಗಿರಬೇಕು. ಆದರೆ ಬಿಟ್ಟುಕೊಟ್ಟ ಜಾಗದ ಹಿಂದೆಯೇ, 30ನೇ ಪಿಕ್‌ನಲ್ಲಿ, ಪಿಟ್ಸ್‌ಬರ್ಗ್ ಎತ್ತಿಕೊಂಡದ್ದು ಟಿ.ಜೆ. ವಾಟ್ ಅನ್ನು. 2021ರಲ್ಲಿ ಒಂದೇ ಸೀಸನ್ನಿಗೆ 22.5 ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಚೆಂಡೆಸೆಯುವ ಮೊದಲೇ ಕೆಡವುವುದು) ಮಾಡಿ ದಾಖಲೆ ಸರಿಗಟ್ಟಿದವನು ಅವನು. ಇತ್ತ 35ರಲ್ಲಿ ಸಿಯಾಟಲ್ ತಂದ ಮಲಿಕ್ ಮೆಕ್‌ಡವೆಲ್ ಸೀಸನ್ ಶುರುವಾಗುವ ಮೊದಲೇ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಅಪಘಾತದಲ್ಲಿ ಗಾಯಗೊಂಡು ಸೀಹಾಕ್ಸ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಹಾಗೆಂದು ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕೊಸರಾಗಿ ಬಂದಿದ್ದ 249ನೇ ಪಿಕ್‌ನಲ್ಲಿ ಸಿಕ್ಕವನು ಕ್ರಿಸ್ ಕಾರ್ಸನ್. 2018, 2019 ಎರಡರಲ್ಲೂ ಸಾವಿರ ಗಜ ದಾಟಿ ಓಡಿದ.

ಮೆಕ್‌ಡವೆಲ್ ಸಾಲಿಗೆ ಏನು ಬರೆಯುವುದು? ಅಪಘಾತ ಯಾರ ಕೈಯಲ್ಲಿದೆ, ಆ ಸಾಲನ್ನೇ ಬಿಟ್ಟುಬಿಡು ಎಂದು ಸೀಹಾಕ್ಸ್ ಅಭಿಮಾನಿಗಳು ಅನ್ನುತ್ತಾರೆ. ನಾನು ಸೊನ್ನೆ ಬರೆದೆ. ಪ್ರತಿಯೊಂದು ತಂಡಕ್ಕೂ ಬಿಟ್ಟುಬಿಡಬೇಕಾದ ಇಂಥ ಸಾಲುಗಳಿವೆ. ಒಂದನ್ನು ಬಿಟ್ಟರೆ ಎಲ್ಲವನ್ನೂ ಬಿಡಬೇಕು, ಆಮೇಲೆ ಉಳಿಯುವುದು ಬರೀ ಗೆದ್ದವರ ಪಟ್ಟಿ. ವಾಟ್ ವಿಷಯದಲ್ಲಿ ನಾನು ಸಿಯಾಟಲ್‌ಗೆ ಪ್ರತ್ಯೇಕ ದಂಡ ಹಾಕಲಿಲ್ಲ. ಅವನನ್ನು ಬಿಟ್ಟವರು ಇನ್ನೂ ಅನೇಕರಿದ್ದಾರೆ. ಬ್ರೇಡಿಯನ್ನು ಆರಿಸಿದ ನ್ಯೂ ಇಂಗ್ಲೆಂಡ್ ಕೂಡ ಐದು ಸುತ್ತು ಅವನನ್ನು ಬಿಟ್ಟೇ ಕೂತಿತ್ತು.

ಇಷ್ಟೆಲ್ಲ ಆದಮೇಲೆ ನಾನು ಅಂಕವನ್ನು ಎರಡು ಭಾಗ ಮಾಡಿಬಿಟ್ಟೆ. ಸರದಿಗಳನ್ನು ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಿದರು ಎಂಬುದು ಒಂದು. ಇದನ್ನು ಅದೇ ದಿನ ಹೇಳಬಹುದು, ನಾಲ್ಕು ವರ್ಷ ಕಾಯಬೇಕಿಲ್ಲ. ಇದರಲ್ಲಿ ತಂಡಗಳ ಗುಣ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಸಿಯಾಟಲ್ ಕೆಳಗಿಳಿದು ಪಿಕ್ ಕೂಡಿಸುವ ತಂಡ, ಆದರೆ ಹೆಸರಾಂತ ಆಟಗಾರ ಕಂಡರೆ ಕೈ ಬಿಚ್ಚುತ್ತದೆ. 2020ರಲ್ಲಿ ಜಮಾಲ್ ಆಡಮ್ಸ್‌ಗಾಗಿ ಮೊದಲ ಸುತ್ತಿನ ಎರಡು, ಮೂರನೇ ಸುತ್ತಿನ ಒಂದು ಪಿಕ್ ಕೊಟ್ಟದ್ದಕ್ಕೆ ನನ್ನ ಹಾಳೆಯಲ್ಲಿ ದೊಡ್ಡ ಕೆಂಪು ಅಂಕಿ ಇದೆ. ಆರಿಸಿದ ಹುಡುಗರು ನಿರೀಕ್ಷೆ ಮೀರಿದರೇ ಎಂಬುದು ಇನ್ನೊಂದು ಭಾಗ. ಇದು ಮಾತ್ರ ಒಂದು ವರ್ಷ ಆಕಾಶಕ್ಕೆ, ಮರುವರ್ಷ ನೆಲಕ್ಕೆ. 2010ರಿಂದ 12ರ ಪವಾಡಕ್ಕೆ ಒಂದು ವಿವರಣೆ ಇದೆ: ಕ್ಯಾರಲ್ ಆಗಷ್ಟೇ ಯುಎಸ್‌ಸಿ ಕಾಲೇಜು ತಂಡದಿಂದ ಬಂದಿದ್ದರು, ಆ ತಲೆಮಾರಿನ ಹುಡುಗರನ್ನು ಹೈಸ್ಕೂಲಿನಿಂದಲೇ ಬಲ್ಲವರಾಗಿದ್ದರು. ಒಪ್ಪಬಹುದಾದ ಮಾತು. ಆದರೂ ಮೂರು ಡ್ರಾಫ್ಟ್ ಆಧಾರದ ಮೇಲೆ ಯಾರನ್ನೂ ಪಾರಖಿ ಎನ್ನಲು ನನಗೆ ಧೈರ್ಯ ಸಾಲದು.

ಇನ್ನೂ ತೀರ್ಮಾನವಾಗದ ಲೆಕ್ಕ ಒಂದಿದೆ. 2022ರಲ್ಲಿ ವಿಲ್ಸನ್‌ನನ್ನು ಡೆನ್ವರ್‌ಗೆ ಕೊಟ್ಟಾಗ ಸಿಯಾಟಲ್‌ಗೆ ಮೂವರು ಆಟಗಾರರ ಜೊತೆ ಎರಡು ಮೊದಲ ಸುತ್ತು, ಎರಡು ಎರಡನೇ ಸುತ್ತಿನ ಪಿಕ್ ಸಿಕ್ಕವು. ಆ ಮೊದಲ ಸುತ್ತುಗಳಲ್ಲಿ ಬಂದವರು ಚಾರ್ಲ್ಸ್ ಕ್ರಾಸ್ ಮತ್ತು ಡೆವನ್ ವಿದರ್‌ಸ್ಪೂನ್. ಹಾಗಾದರೆ ಇವರು ಯಾರ ಖಾತೆಗೆ? 2012ರ 75ನೇ ಪಿಕ್ ಖಾತೆಗೋ, 2022ರ ವ್ಯಾಪಾರದ ಖಾತೆಗೋ? ನಾಲ್ಕು ವರ್ಷದ ನನ್ನ ನಿಯಮದಂತೆ ಎರಡನೆಯದಕ್ಕೇ ಬರೆದಿದ್ದೇನೆ. ವಿದರ್‌ಸ್ಪೂನ್‌ನ ಅಂಕ ತುಂಬುವುದು ಅವನ ನಾಲ್ಕನೇ ಸೀಸನ್, ಅಂದರೆ 2026ರದ್ದು ಮುಗಿದ ಮೇಲೆ.